ಅಳುವವರಿಗೂ ಚರ್ಚಿನಲ್ಲಿ ಜಾಗ ಇದೆ

ಸಿಸ್ಟರಮ್ಮನಿಗೆ ಪತ್ರ
(ಬೀದರಿನ ನಿವೃತ್ತ ಸ್ಟಾಫ್ ನರ್ಸ್ ಒಬ್ಬರು ಓದುಗರಿಗೆ ಉತ್ತರಿಸುವ ಅಂಕಣ)

ಈ ಸಲ ಬಂದ ಪತ್ರಗಳಲ್ಲಿ ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಹೆಸರು, ಗುರುತು ಎಲ್ಲ ತೆಗೆದಿದ್ದೇನೆ. ನಮ್ಮ ಕಡೆ ಒಂದು ಚರ್ಚಿನ ಸಭೆಯ ಸುದ್ದಿ ಇನ್ನೊಂದು ಸಭೆಗೆ ಬಸ್ಸಿಗಿಂತ ಮೊದಲೇ ಮುಟ್ಟುತ್ತದೆ ಅನ್ನುವುದು ನಿಮಗೂ ಗೊತ್ತಲ್ಲ.

ಪ್ರಶ್ನೆ: ಸಿಸ್ಟರಮ್ಮನವರಿಗೆ ವಂದನೆಗಳು. ನಮ್ಮದು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಹೋದ ವರ್ಷ ಮೇಲಿಂದ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ, ಅಷ್ಟೇ. ನಾನು ಬ್ಲೌಸ್ ಹೊಲಿಯುತ್ತೇನೆ. ತೊಗರಿ ರಾಶಿಯ ಕಾಲಕ್ಕೆ ಕೂಲಿಗೂ ಹೋಗುತ್ತೇನೆ. ಸಂಘದ ಕಂತು ವಾರ ವಾರ ಕಟ್ಟಲೇಬೇಕು. ಒಂದು ದಿನ ಪ್ರಾರ್ಥನಾ ಕೂಟದಲ್ಲಿ ತಡೆಯಲಾಗದೆ ಅತ್ತುಬಿಟ್ಟೆ. ಅಲ್ಲಿದ್ದ ಹಿರಿಯಮ್ಮ ಒಬ್ಬರು ‘ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಅಂತ ಬರೆದಿದೆ. ಹೀಗೆ ಅಳುತ್ತಾ ಕೂತರೆ ಆಶೀರ್ವಾದ ಹೇಗೆ ಬರುತ್ತದೆ? ನಿನ್ನ ವಿಶ್ವಾಸದಲ್ಲೇ ಕೊರತೆ ಇದೆ’ ಅಂದರು. ಆಮೇಲೆ ನಾನು ಚರ್ಚಿಗೆ ಹೋಗಿಲ್ಲ. ನಗುಮುಖ ಹೊತ್ತುಕೊಂಡು ಹೋಗಲು ನನ್ನಲ್ಲಿ ಶಕ್ತಿ ಇಲ್ಲ. ನನ್ನ ವಿಶ್ವಾಸ ನಿಜವಾಗಿಯೂ ಸತ್ತುಹೋಗಿದೆಯಾ?

ಉತ್ತರ: ತಂಗಿ, ಮೊದಲು ನಾನೇ ನಿನಗೊಂದು ಪ್ರಶ್ನೆ ಕೇಳುತ್ತೇನೆ. ನೀನು ಬಿಸಿ ರೊಟ್ಟಿ ತಿಂದು ಎಷ್ಟು ದಿನ ಆಯಿತು? ಎಲ್ಲರಿಗೂ ಬಡಿದು ಹಾಕಿ, ಕೊನೆಗೆ ಉಳಿದದ್ದಕ್ಕೆ ಶೇಂಗಾ ಚಟ್ನಿ ಹಚ್ಚಿಕೊಂಡು ನಿಂತಲ್ಲೇ ತಿನ್ನುತ್ತೀಯ ಅಲ್ವಾ? ರಾತ್ರಿ ಅವರು ಎದ್ದಾಗಲೆಲ್ಲ ನೀನೂ ಏಳುತ್ತೀಯ. ಇದನ್ನು ನೀನು ಬರೆದಿಲ್ಲ. ಆದರೆ ವಾರ್ಡಿನಲ್ಲಿ ರೋಗಿಯ ಜೊತೆ ಬರುವ ಹೆಂಗಸರನ್ನು ನೋಡಿ ನೋಡಿ ನನಗೆ ಗೊತ್ತು. ಗಂಡ ಮಂಚದ ಮೇಲೆ, ಹೆಂಡತಿ ಮಂಚದ ಕೆಳಗೆ ಚಾದರ ಹಾಸಿಕೊಂಡು. ಡಾಕ್ಟರು ರೌಂಡ್ಸಿಗೆ ಬಂದರೆ ಮೇಲಿನವನ ನಾಡಿ ನೋಡುತ್ತಾರೆ. ಕೆಳಗಿನವಳದು ಯಾರೂ ನೋಡುವುದಿಲ್ಲ.

ಯಾಕೆ ಕೇಳಿದೆ ಅಂದರೆ, ದೇವರೂ ಒಮ್ಮೆ ಅಲ್ಲಿಂದಲೇ ಶುರು ಮಾಡಿದ್ದಾನೆ. ಬೈಬಲಿನಲ್ಲಿ ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡು. ಪ್ರವಾದಿ ಎಲೀಯ. ಸಣ್ಣ ಮನುಷ್ಯನೇನಲ್ಲ. ಹಿಂದಿನ ಅಧ್ಯಾಯದಲ್ಲೇ ಕರ್ಮೆಲ್ ಬೆಟ್ಟದ ಮೇಲೆ ಒಬ್ಬನೇ ನಿಂತು ನೂರಾರು ಜನರ ಎದುರು ಗೆದ್ದವನು. ಅಂಥವನು ರಾಣಿಯ ಬೆದರಿಕೆಗೆ ಹೆದರಿ ಅಡವಿಗೆ ಓಡಿಹೋದ. ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದ. ಆಗ ದೇವದೂತ ಬಂದು ಏನು ಮಾಡಿದ? ವಿಶ್ವಾಸ ಕಡಿಮೆ ಅಂತ ಬೈದನಾ? ವಚನ ಹೇಳಿದನಾ? ಇಲ್ಲ. ಮಲಗಿದ್ದವನನ್ನು ಮೆಲ್ಲಗೆ ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ನೀರು ಇತ್ತು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೇವದೂತ ಎರಡನೇ ಸಲ ಬಂದಾಗಲೂ ಅದೇ ಮಾತು. ಎದ್ದು ತಿನ್ನು, ನೀನು ಹೋಗಬೇಕಾದ ದಾರಿ ದೂರ ಇದೆ. ದೇವರ ಮೆಲುದನಿ, ಬೆಟ್ಟದ ಮೇಲಿನ ಮಾತುಕತೆ ಎಲ್ಲ ಆಮೇಲೆ. ಮೊದಲು ರೊಟ್ಟಿ, ನಿದ್ದೆ, ಮತ್ತೆ ರೊಟ್ಟಿ. ಒಬ್ಬ ನರ್ಸಾಗಿ ಹೇಳುತ್ತೇನೆ, ಕ್ರಮ ಸರಿಯಾಗಿದೆ.

ಇನ್ನು ಆ ಹಿರಿಯಮ್ಮ ಹೇಳಿದ ವಚನ. ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಅನ್ನುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಊರೂರಿಗೆ ಸುವಾರ್ತೆ ಸಾರಿದ ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ಅಷ್ಟನ್ನು ಎಲ್ಲ ಪ್ರಸಂಗಗಳಲ್ಲೂ ಹೇಳುತ್ತಾರೆ. ಹೇಳದೆ ಬಿಡುವುದು ಬೇರೆ ಇದೆ. ಅದೇ ಪತ್ರದ ಹಿಂದಿನ ಅಧ್ಯಾಯದಲ್ಲಿ, 18ನೇ ವಚನದಲ್ಲಿ, ಕೆಲವರ ವಿಷಯ ಬಂದಾಗ ಈಗ ಅಳುತ್ತಲೇ ಹೇಳುತ್ತೇನೆ ಅಂತ ಪೌಲನೇ ಬರೆದಿದ್ದಾನೆ. ಅದಕ್ಕೂ ಹಿಂದೆ, 2ನೇ ಅಧ್ಯಾಯದಲ್ಲಿ, ಅವನ ಜೊತೆಗಾರ ಎಪಫ್ರೊದೀತ ರೋಗ ಬಿದ್ದು ಸಾಯುವ ಹಾಗಾಗಿದ್ದ ಕಥೆ ಇದೆ. ಅವನು ಉಳಿಯದೆ ಹೋಗಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅನ್ನುತ್ತಾನೆ ಪೌಲ. ಅಂದರೆ ಒಂದು ದುಃಖ ಆಗಲೇ ಇತ್ತು. ನಾಲ್ಕೇ ಅಧ್ಯಾಯದ ಪತ್ರ ಅದು. ಸಂತೋಷಿಸಿರಿ ಅಂದವನು ಅದರಲ್ಲೇ ಅತ್ತಿದ್ದಾನೆ, ಹೆದರಿದ್ದಾನೆ. ಅವನ ವಿಶ್ವಾಸ ಸತ್ತಿತ್ತು ಅಂತ ಆ ಹಿರಿಯಮ್ಮ ಹೇಳುತ್ತಾರಾ?

ಕೀರ್ತನೆಗಳನ್ನೇ ತಗೋ. 150ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಾಟ, ದೂರು. 13ನೇ ಕೀರ್ತನೆ ಶುರುವಾಗುವುದೇ ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅನ್ನುವ ಕೂಗಿನಿಂದ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಇವನ್ನೆಲ್ಲ ಯಾರೋ ಮರೆತು ಒಳಗೆ ಬಿಟ್ಟಿಲ್ಲ. ದೇವರ ಆಲಯದಲ್ಲಿ ಹಾಡಲಿ ಅಂತಲೇ ಇಟ್ಟಿದ್ದಾರೆ. ಸತ್ತುಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುಸ್ವಾಮಿ ಕಣ್ಣೀರು ಹಾಕಿದರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು.

ಮಕ್ಕಳ ವಾರ್ಡಿನಲ್ಲಿ ನೋಡಿದ ಒಬ್ಬ ತಾಯಿ ನನಗೆ ಇವತ್ತಿಗೂ ನೆನಪಿದ್ದಾಳೆ. ಔರಾದ್ ಕಡೆಯವಳು. ಮಗನಿಗೆ ಮೆದುಳು ಜ್ವರ. ರಾತ್ರಿಯೆಲ್ಲ ಅವನ ಅಂಗಾಲು ಉಜ್ಜುತ್ತಾ ಕೂತಿರುತ್ತಿದ್ದಳು. ಎಡಗೈಯಲ್ಲಿ ಕಾಲು ಹಿಡಿದು, ಬಲಗೈ ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳಿನ ತನಕ, ಮತ್ತೆ ಹಿಮ್ಮಡಿಯಿಂದ. ಬಾಯಲ್ಲಿ ಪ್ರಾರ್ಥನೆ. ಎಂಥ ಪ್ರಾರ್ಥನೆ? ‘ಸ್ವಾಮಿ, ನಿನಗೇನು ಕಿವಿ ಇಲ್ಲೇನು? ನಿನ್ನ ತಾಯಿನೂ ಹಿಂಗೇ ಕೂತಿದ್ಳಲ್ಲ, ಆಕಿನ್ನರ ಕೇಳು’ ಅಂತ ಜಗಳ. ಒಂದು ಸಲವೂ ಅವಳ ಮುಖದಲ್ಲಿ ನಗು ಕಾಣಲಿಲ್ಲ. ಆದರೆ ಬೆಳಗಿನ ಜಾವ ತನಗೆ ಚಹಾ ತಂದರೆ ಪಕ್ಕದ ಮಂಚದ ತಾಯಿಗೂ ಅರ್ಧ ಬಗ್ಗಿಸುತ್ತಿದ್ದಳು. ಅವಳ ಮಗ ಉಳಿದ. ಉಳಿದ ಅನ್ನುವ ಕಾರಣಕ್ಕೆ ಈ ಕಥೆ ಹೇಳುತ್ತಿಲ್ಲ. ಪಕ್ಕದ ಮಂಚದ ಮಗು ಅದೇ ವಾರ ತೀರಿಕೊಂಡಿತು, ಆ ತಾಯಿಯೂ ಕಡಿಮೆ ಪ್ರಾರ್ಥಿಸಿರಲಿಲ್ಲ. ವಿಶ್ವಾಸ ಜಾಸ್ತಿ ಇದ್ದವರ ಮಗು ಉಳಿಯುತ್ತದೆ ಅಂತ ಲೆಕ್ಕ ಹಾಕುವವರು ಒಂದು ರಾತ್ರಿ ಆ ವಾರ್ಡಿನಲ್ಲಿ ಕೂತು ಬರಲಿ. ನಾನು ಹೇಳುತ್ತಿರುವುದು ಆ ಅರ್ಧ ಲೋಟ ಚಹಾದ ವಿಷಯ. ನನ್ನ ಕಣ್ಣಿಗೆ ಬಲ ಅಂದರೆ ಅದು. ಅದು ನಗುಮುಖ ಹೊತ್ತುಕೊಂಡು ಬರುವುದಿಲ್ಲ.

ಇನ್ನೊಂದು ವಚನವನ್ನೂ ನಮ್ಮವರು ಅರ್ಧ ಕತ್ತರಿಸಿ ಹೇಳುತ್ತಾರೆ. ಕರ್ತನ ಆನಂದವೇ ನಿಮ್ಮ ಬಲ ಅಂತ. ಅದು ನೆಹೆಮೀಯನ ಪುಸ್ತಕ, 8ನೇ ಅಧ್ಯಾಯ, 10ನೇ ವಚನ. ಯೆರೂಸಲೇಮಿನಲ್ಲಿ ಜನ ಧರ್ಮಶಾಸ್ತ್ರ ಓದುವುದನ್ನು ಕೇಳಿ ಗೊಳೋ ಅಂತ ಅಳುತ್ತಿದ್ದರು. ಆಗ ಹೇಳಿದ ಮಾತು ಅದು. ಆದರೆ ವಚನದ ಮೊದಲರ್ಧ ಏನು ಗೊತ್ತಾ? ಹೋಗಿ ಮೃಷ್ಟಾನ್ನ ಊಟ ಮಾಡಿ, ಸಿಹಿ ಕುಡಿಯಿರಿ, ಮನೆಯಲ್ಲಿ ಏನೂ ಇಲ್ಲದವರಿಗೆ ಪಾಲು ಕಳಿಸಿಕೊಡಿ. ಪಾಲು ಕಳಿಸಿದ ಮೇಲೆ ಬರುವ ಆನಂದದ ಮಾತು ಅದು. ನಿನ್ನ ಮನೆಗೆ ಡಬ್ಬಿ ತರದೆ ಬರೀ ವಚನ ತಂದವರು ಅರ್ಧ ಕೆಲಸ ಬಿಟ್ಟು ಬಂದಿದ್ದಾರೆ. ಇದನ್ನು ಆ ಹಿರಿಯಮ್ಮನೂ ಓದುತ್ತಾರೆ ಅಂತ ನನಗೆ ಅನುಮಾನ ಇದೆ. ಓದುತ್ತಿದ್ದರೆ, ಅಕ್ಕೋರೆ, ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಎರಡು ರೊಟ್ಟಿ, ಒಂದಿಷ್ಟು ಪುಂಡಿ ಪಲ್ಯ ಕಟ್ಟಿಕೊಂಡು ಆ ಮನೆಗೆ ಹೋಗಿಬನ್ನಿ. ಪ್ರಾರ್ಥನೆ ಆಮೇಲೆ ಮಾಡಿದರಾಯಿತು.

ತಂಗಿ, ಚರ್ಚಿಗೆ ಹೋಗು. ಹಿಂದಿನ ಸಾಲಿನಲ್ಲಿ ಕೂರು. ಹಾಡಲು ಆಗದಿದ್ದರೆ ಹಾಡಬೇಡ, ಬೇರೆಯವರು ಹಾಡುತ್ತಾರೆ. ಸಭೆ ಇರುವುದೇ ಅದಕ್ಕೆ. ಅಳು ಬಂದರೆ ಅಳು.

ಲೋಕದ ವ್ಯವಹಾರದ ಎರಡು ಮಾತೂ ಕೇಳು. ನಿನ್ನ ಯಜಮಾನರಿಗೆ ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿದ್ದೀಯಾ? 2016ರ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಅಂತ ಡಾಕ್ಟರ ಸರ್ಟಿಫಿಕೇಟ್ ಸಿಕ್ಕರೆ ಸರ್ಕಾರದ ಸವಲತ್ತುಗಳಿಗೆ ದಾರಿ ಆಗುತ್ತದೆ. ಅದನ್ನು ಹಿಡಿದು ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬಹುದು. ನಿಮ್ಮ ಪಾಸ್ಟರಿಗೆ ಹೇಳು, ಯಾರಾದರೂ ಓದಿದ ಹುಡುಗನನ್ನು ಜೊತೆಗೆ ಕಳಿಸಲಿ. ಎರಡನೆಯದು ನಿನಗೆ. ರಾತ್ರಿ ನಿದ್ದೆಯೇ ಬರುತ್ತಿಲ್ಲ, ಸತ್ತರೆ ಸಾಕು ಅನ್ನಿಸುತ್ತದೆ ಅಂತಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡಿದರೆ ವಿಶ್ವಾಸ ಕಡಿಮೆ ಆಗುವುದಿಲ್ಲ. ಎಲೀಯನಿಗೂ ಯಾರೋ ಬಂದು ಮುಟ್ಟಿ ಎಬ್ಬಿಸಬೇಕಾಯಿತು.

ಪ್ರಶ್ನೆ: ಉಪವಾಸ ಕೂಟದಲ್ಲಿ ಸ್ವಸ್ಥತೆಗಾಗಿ ಪ್ರಾರ್ಥಿಸಿದರು. ನನಗೆ ಬಿಪಿ ಇದೆ. ಈಗ ಮಾತ್ರೆ ತೆಗೆದುಕೊಂಡರೆ ಅವಿಶ್ವಾಸ ಆಗುತ್ತದಾ? (ಭಾಲ್ಕಿ)

ಉತ್ತರ: ಮಾತ್ರೆ ನುಂಗಿ, ಆಮೇಲೆ ಮುಂದೆ ಓದಿ. ಪೌಲನ ಜೊತೆ ಊರೂರು ಅಲೆದ ಲೂಕ ವೈದ್ಯನೇ ಆಗಿದ್ದ. ಪೌಲ ಅವನಿಗೆ ಪ್ರಿಯ ವೈದ್ಯ ಅಂತಲೇ ಕರೆಯುತ್ತಾನೆ. ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆ ತೊಂದರೆ ಇದ್ದಾಗ ಪ್ರಾರ್ಥನೆ ಮಾಡು ಅಂತಷ್ಟೇ ಬರೆಯಲಿಲ್ಲ, ಆ ಕಾಲದ ಔಷಧಿಯ ಹಾಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. (ಇದನ್ನು ಓದಿ ಮನೆಯ ಗಂಡಸರು ಬಾಟಲಿ ತರುವುದು ಬೇಡ.) ಬಿಪಿ ತಲೆಗೆ ಏರಿದ್ದು ಗೊತ್ತಾಗುವುದಿಲ್ಲ, ನೋವಿಲ್ಲ, ಸುಮ್ನೆ ಇರುತ್ತದೆ. ಆಮೇಲೆ ಒಂದು ದಿನ ಪಾರ್ಶ್ವವಾಯು. ಹಾಗೆ ಮಾತ್ರೆ ಬಿಟ್ಟು ಬಾಯಿ ಸೊಟ್ಟ ಆಗಿ ಬಂದವರನ್ನು ನಾನು ಸ್ಟ್ರೆಚರಿನಿಂದ ಇಳಿಸಿದ್ದೇನೆ. ನಿಮಗೆ ಸ್ವಸ್ಥತೆ ಆಗಿದ್ದರೆ ಬಿಪಿ ಮಷಿನ್ನೂ ಅದನ್ನೇ ಹೇಳುತ್ತದೆ. ಡಾಕ್ಟರು ನೋಡಿ ಡೋಸ್ ಕಡಿಮೆ ಮಾಡುತ್ತಾರೆ. ನೀವಾಗಿ ಬಿಡಬೇಡಿ.

ಪ್ರಶ್ನೆ: ಅಮ್ಮ, ನಾನು ಚಿತ್ತಾಪುರ ತಾಲ್ಲೂಕಿನವನು, ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೆ. ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅನ್ನುವ ವಚನ ಗೋಡೆಗೆ ಅಂಟಿಸಿದ್ದೆ. ಲಿಖಿತ ಪರೀಕ್ಷೆ ಪಾಸಾದೆ. 1600 ಮೀಟರ್ ಓಟದಲ್ಲಿ ಕೆಲವೇ ಸೆಕೆಂಡಿನಲ್ಲಿ ಹೋಯಿತು. ನಮ್ಮ ಸಭೆಯಲ್ಲಿ ಪಾಸಾದ ಹುಡುಗನನ್ನು, ದೇವರು ತನಗೆ ಮಾಡಿದ್ದನ್ನು ಎಲ್ಲರಿಗೂ ತಿಳಿಸಿ ಸಾಕ್ಷಿ ಹೇಳಲು ಮುಂದೆ ಕರೆದರು. ಅಪ್ಪ ನನ್ನ ಮುಖ ನೋಡಲಿಲ್ಲ. ಆ ವಚನ ನನಗಲ್ಲವಾ?

ಉತ್ತರ: ತಮ್ಮ, ವಚನ ನಿನಗೇ. ಆದರೆ ಅದೇ ಫಿಲಿಪ್ಪಿಯವರ ಪತ್ರದ 4ನೇ ಅಧ್ಯಾಯದಲ್ಲಿ ನೀನು ಗೋಡೆಗೆ 13ನೆಯ ವಚನವನ್ನು ಮಾತ್ರ ಅಂಟಿಸಿದ್ದೀಯ, 11, 12 ಬಿಟ್ಟಿದ್ದೀಯ. ತಪ್ಪು ನಿನ್ನದಲ್ಲ, ಅಂಗಡಿಯಲ್ಲಿ ಸ್ಟಿಕ್ಕರೇ ಹಾಗೆ ಸಿಗುತ್ತದೆ. ಅದರ ಹಿಂದಿನ ಸಾಲಲ್ಲಿ ಪೌಲ ಹೇಳುವುದು ಏನು? ಹೊಟ್ಟೆ ತುಂಬಿದಾಗ ಇರುವುದೂ ಗೊತ್ತು, ಹಸಿದಿರುವುದೂ ಗೊತ್ತು, ಸಮೃದ್ಧಿಯೂ ಗೊತ್ತು, ಕೊರತೆಯೂ ಗೊತ್ತು. ಆಮೇಲೆ ಬರುತ್ತದೆ ನಿನ್ನ ವಚನ. ಎಲ್ಲಕ್ಕೂ ಅಂದರೆ ಗೆಲ್ಲುವುದಕ್ಕೆ ಮಾತ್ರ ಅಲ್ಲ. 6 ನಿಮಿಷ 30 ಸೆಕೆಂಡಿನ ಗೆರೆ ದಾಟದೆ ಹೋದ ದಿನ, ರೂಮಿಗೆ ವಾಪಸು ಹೋಗಿ ಬೂಟು ಬಿಚ್ಚುವುದಕ್ಕೂ ಬಲ ಬೇಕಲ್ಲ, ಅದಕ್ಕೂ. ಅಪ್ಪ ಮುಖ ತಿರುಗಿಸಿದ ಮನೆಯಲ್ಲಿ ಕೂತು ಉಣ್ಣುವುದಕ್ಕೂ.

ಅಲ್ಲಿಗೇ ಪತ್ರ ಮುಗಿಯುವುದಿಲ್ಲ. 14ನೆಯದು ನೋಡು. ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅಂತ ಬರೆಯುತ್ತಾನೆ. ಫಿಲಿಪ್ಪಿಯ ಜನ ಎಪಫ್ರೊದೀತನ ಕೈಯಲ್ಲಿ ಅವನ ಖರ್ಚಿಗೆ ಸಹಾಯ ಕಳಿಸಿದ್ದರು. ಇಡೀ ಭಾಗವೇ ಅದಕ್ಕೆ ಕೃತಜ್ಞತೆ ಹೇಳುವ ಭಾಗ. ದೇವರು ಪೌಲನಿಗೆ ಕೊಟ್ಟ ಬಲ ಮನುಷ್ಯರ ಕೈಯಿಂದಲೇ ಸೆರೆಮನೆಗೆ ಬಂದಿತ್ತು. ನೀನು ಒಬ್ಬನೇ ರೂಮಿನಲ್ಲಿ ಗೋಡೆ ನೋಡಿಕೊಂಡು ಅದನ್ನು ಹುಡುಕುತ್ತಿದ್ದೀಯ.

ಸಾಕ್ಷಿಯ ವಿಷಯಕ್ಕೆ ಬರೋಣ. ಪಾಸಾದ ಹುಡುಗನನ್ನು ಕರೆದದ್ದು ತಪ್ಪಲ್ಲ, ಅವನ ಸಂತೋಷದಲ್ಲಿ ಎಲ್ಲರಿಗೂ ಪಾಲು ಇದೆ. ಆದರೆ ಪಾಸಾದವರನ್ನು ಮಾತ್ರ ಕರೆಯುವ ಪದ್ಧತಿ ನನಗೆ ಇಷ್ಟ ಇಲ್ಲ. ಇದನ್ನು ನಮ್ಮ ಸಭೆಯಲ್ಲೂ ಹೇಳಿ ಬೈಸಿಕೊಂಡಿದ್ದೇನೆ. ಪೌಲನನ್ನು ನಮ್ಮ ಮೈಕಿನ ಮುಂದೆ ನಿಲ್ಲಿಸಿದರೆ ಏನು ಹೇಳುತ್ತಿದ್ದ? ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ಪಟ್ಟಿಯೇ ಇದೆ. ಐದು ಸಲ 39 ಏಟು ತಿಂದೆ, ಮೂರು ಸಲ ಕೋಲಿನ ಹೊಡೆತ, ಒಂದು ಸಲ ಕಲ್ಲೇಟು, ಮೂರು ಸಲ ಹಡಗು ಒಡೆಯಿತು, ಚಳಿ, ಹಸಿವು, ನಿದ್ದೆಗೇಡು. ಶರೀರದಲ್ಲಿದ್ದ ಶೂಲ ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಇಷ್ಟನ್ನೂ ಸಾಕ್ಷಿ ಅಂತಲೇ ಬರೆದಿಟ್ಟ. ನೀನೂ ಪಾಸ್ಟರನ್ನು ಕೇಳಿ ಎರಡು ನಿಮಿಷ ಮೈಕ್ ತಗೋ. ಓಟದಲ್ಲಿ ಹೋಯಿತು, ಮತ್ತೆ ಓಡುತ್ತೇನೆ, ಅಪ್ಪನಿಗೂ ನನಗೂ ಪ್ರಾರ್ಥಿಸಿ ಅನ್ನು. ಅಷ್ಟು ಸಾಕು. ಹಿಂದಿನ ಸಾಲಿನಲ್ಲಿ ನಿನ್ನಂಥವರು ಇನ್ನೂ ನಾಲ್ಕು ಜನ ತಲೆ ಎತ್ತುತ್ತಾರೆ ನೋಡು.

ಹಾಂ, ಒಂದು ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಎಷ್ಟಿದೆ ಅಂತ. ರೂಮಿನಲ್ಲಿ ಮ್ಯಾಗಿ ತಿಂದು ಓಡುವ ಹುಡುಗರಿಗೆ ರಕ್ತ ಕಡಿಮೆ ಇರುವುದು ನಾನು ಬೇಕಾದಷ್ಟು ನೋಡಿದ್ದೇನೆ. ಕೊನೆಯ ಸುತ್ತಿನಲ್ಲಿ ಏದುಸಿರು ಬಂದರೆ ಅದು ಬರೀ ಅಭ್ಯಾಸದ ಕೊರತೆ ಆಗಿರಬೇಕು ಅಂತಿಲ್ಲ.

ಪ್ರಶ್ನೆ: ಆಂಟಿ, ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಮನೆಗೆ ಒಂದು ಸಂಬಂಧ ಬಂತು. ಹುಡುಗನ ಮನೆಯವರೂ ವಿಶ್ವಾಸಿಗಳೇ. ಎಲ್ಲ ಒಪ್ಪಿಗೆ ಆಗುವ ಹೊತ್ತಿಗೆ ಅವರ ಹಿರಿಯರು ‘ನಿಮ್ಮದು ಮೂಲ ಯಾವುದು?’ ಅಂತ ಕೇಳಿದರು. ಅಪ್ಪ ಹೇಳಿದರು. ಆಮೇಲೆ ಫೋನ್ ಬರಲಿಲ್ಲ. ದೇವರ ದೃಷ್ಟಿಯಲ್ಲಿ ಎಲ್ಲರೂ ಒಂದೇ ಅಂತ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದು ಸುಳ್ಳಾ? ನಾನು ಮಾತ್ರ ಕಡಿಮೆಯವಳಾ?

ಉತ್ತರ: ಮಗಳೇ, ಓದಿ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಬೀದರ್, ಕಲಬುರಗಿ ಕಡೆಯ ಸಭೆಗಳಲ್ಲಿ ಬಹಳ ಮನೆಗಳ ಅಜ್ಜ ಅಜ್ಜಿಯರು ಊರ ಹೊರಗಿನ ಕೇರಿಯಿಂದಲೇ ಬಂದವರು. ನಮ್ಮ ಮನೆಯೂ ಹಾಗೇ. ನಮ್ಮಜ್ಜಿ ಚಿಕ್ಕವಳಿದ್ದಾಗ ಊರ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಲ್ಲಬೇಕಿತ್ತು, ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿಯುವ ತನಕ. ಅವಳು ದೀಕ್ಷಾಸ್ನಾನ ತೆಗೆದುಕೊಂಡ ದಿನದ ಬಗ್ಗೆ ಜಾಸ್ತಿ ಏನೂ ಹೇಳುತ್ತಿರಲಿಲ್ಲ. ಒಂದು ಮಾತು ಮಾತ್ರ ಹೇಳುತ್ತಿದ್ದಳು. ‘ಅಯ್ಯನೋರು ನನ್ನ ತಲಿ ಮ್ಯಾಲ ಕೈ ಇಟ್ರು. ಮುಟ್ಟಿದ್ರು.’ ಅಷ್ಟೇ. ಅಂಥವರ ಮೊಮ್ಮಕ್ಕಳು ಇವತ್ತು ಸೋಫಾ ಮೇಲೆ ಕೂತು ಮೂಲ ಯಾವುದು ಅಂತ ಕೇಳುತ್ತಾರೆ. ವಿಚಿತ್ರ ನೋಡು, ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗುವುದಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು, ನಮಗೆ ಇಲ್ಲ. ಸರ್ಕಾರದ ಕಾಗದದಲ್ಲಿ ಹೋದ ಜಾತಿ ಬೀಗರ ಮನೆಯ ಬಾಯಲ್ಲಿ ಹೋಗಿಲ್ಲ.

ಸಂಡೇ ಸ್ಕೂಲಿನಲ್ಲಿ ಹೇಳಿದ್ದು ಸುಳ್ಳಲ್ಲ. ಹೇಳಿದವರು ಅದರಂತೆ ನಡೆಯಲಿಲ್ಲ ಅಷ್ಟೇ, ಮತ್ತು ಸತ್ಯವೇದಕ್ಕೆ ಅದು ಹೊಸದೂ ಅಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಇಂಥದ್ದೇ ಸಭೆ ಇದೆ. ಚಿನ್ನದ ಉಂಗುರ ಹಾಕಿಕೊಂಡವನು ಬಂದರೆ ಒಳ್ಳೆಯ ಜಾಗ, ಕೊಳೆ ಬಟ್ಟೆಯವನು ಬಂದರೆ ಅಲ್ಲಿ ನಿಲ್ಲು, ಇಲ್ಲ ನನ್ನ ಕಾಲ ಹತ್ತಿರ ಕೂರು. ಯಾಕೋಬ ಅದನ್ನು ಸಣ್ಣ ವಿಷಯ ಅಂತ ಬಿಡುವುದಿಲ್ಲ, ಪಾಪ ಅಂತ ಬರೆಯುತ್ತಾನೆ. ಅಂದರೆ ನಿನ್ನನ್ನು ನೋಡಲು ಬಂದ ಮನೆಯವರು ಮೊದಲನೇ ಶತಮಾನದಲ್ಲೇ ಬೈಸಿಕೊಂಡವರು.

ನಮ್ಮ ಮೆಥೋಡಿಸ್ಟ್ ಚರ್ಚಿನಲ್ಲಿ ಪ್ರಭು ಭೋಜನದ ದಿನ ಗಮನಿಸು. ಎಲ್ಲರೂ ಮುಂದೆ ಹೋಗಿ ಕಟಕಟೆಯ ಹತ್ತಿರ ಮೊಣಕಾಲೂರುತ್ತಾರೆ. ಬೀದರಿನ ಮಂಗಲಪೇಟೆಯಲ್ಲಾಗಲಿ, ಹಳ್ಳಿಯ ತಗಡಿನ ಚರ್ಚಿನಲ್ಲಾಗಲಿ ಹೀಗೇ. ಪಕ್ಕದಲ್ಲಿ ಯಾರು ಬರಬೇಕು ಅಂತ ಆರಿಸಿಕೊಳ್ಳುವ ಹಾಗಿಲ್ಲ. ಸಾಲು ಬಂದ ಹಾಗೆ ಕೂರಬೇಕು. ಇಂಜಿನಿಯರ ಮೊಣಕೈಗೆ ಪೌರಕಾರ್ಮಿಕನ ಮೊಣಕೈ ತಾಗುತ್ತದೆ. ಪಾಸ್ಟರು ರೊಟ್ಟಿ ಕೊಡುತ್ತಾ ಮೂಲ ಕೇಳುವುದಿಲ್ಲ. ಆ ಸಾಲಿನಲ್ಲಿ ನಿನ್ನ ಬೆಲೆ ಎಷ್ಟೋ ಅಷ್ಟೇ ನಿನ್ನ ಬೆಲೆ. ಮನೆಗೆ ಬಂದ ಮೇಲೆ ಯಾರೋ ಅದನ್ನು ಕಡಿಮೆ ಮಾಡುತ್ತೇನೆ ಅಂದರೆ ಅದಕ್ಕೆ ಅವರಿಗೆ ಅಧಿಕಾರ ಕೊಟ್ಟವರು ಯಾರು?

ನಮ್ಮ ಜಿಲ್ಲೆಯ ಮಣ್ಣಿಗೆ ಈ ಜಗಳ ಹೊಸದಲ್ಲ. ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಏನಾಯಿತು ಅಂತ ಶರಣರ ಕಥೆಯಲ್ಲಿ ಎಲ್ಲರೂ ಕೇಳಿದ್ದೇವೆ. ಅಪ್ಪಂದಿರು ಪ್ರಾಣ ಕೊಟ್ಟರು. ನಮ್ಮ ಧರ್ಮ ಬೇರೆ ಇರಬಹುದು, ಆ ಧೈರ್ಯ ನೋಡಿ ನಮಗೆ ನಾಚಿಕೆ ಆಗಬೇಕು.

ಇನ್ನು ನಿನ್ನ ಕೆಲಸ. ಹುಡುಗನ ನಂಬರ್ ನಿನ್ನ ಹತ್ತಿರ ಇದ್ದರೆ ಒಂದು ಸಲ ನೇರವಾಗಿ ಕೇಳು, ನಿನ್ನ ಅಭಿಪ್ರಾಯವೂ ಅದೇನಾ ಅಂತ. ಅವನು ಮನೆಯವರ ಎದುರು ಬಾಯಿ ಬಿಡುವವನಾದರೆ ಕಾಯಬಹುದು. ‘ಹಿರಿಯರು ಹೇಳಿದ ಹಾಗೆ’ ಅಂದರೆ ಫೋನ್ ಇಟ್ಟುಬಿಡು. ಓದು ಮುಗಿಸು. ಮದುವೆ ಮುರಿದದ್ದು ನಿನಗೆ ನಷ್ಟ ಅಂತ ಅಳುವ ಅತ್ತೆ, ಚಿಕ್ಕಮ್ಮಂದಿರ ಮಾತು ಒಂದು ತಿಂಗಳು ಇರುತ್ತದೆ, ಆಮೇಲೆ ಅವರಿಗೆ ಬೇರೆ ಸುದ್ದಿ ಸಿಗುತ್ತದೆ. ಅಪ್ಪನಿಗೆ ಮಾತ್ರ ಒಂದು ಮಾತು ಹೇಳು. ಕೇಳಿದಾಗ ಮುಚ್ಚಿಡದೆ ಹೇಳಿದಿರಲ್ಲ, ನನಗೆ ಅದು ಹೆಮ್ಮೆ ಅಂತ. ಅವರು ಇದನ್ನು ಕೇಳಲು ಕಾಯುತ್ತಿರಬಹುದು.

ಪ್ರಶ್ನೆ: ಸಿಸ್ಟರಮ್ಮ, ನಾನು ಯಾದಗಿರಿಯವನು. ವಯಸ್ಸು 78. ನಮ್ಮ ಚರ್ಚಿನ ಗಂಟೆ ಹೊಡೆಯುತ್ತಿದ್ದವನು ನಾನೇ. ತೆಲಂಗಾಣದಲ್ಲಿ ನವೆಂಬರಿನಲ್ಲಿ ನಡೆಯುವ ನಮ್ಮ ಮೆಥೋಡಿಸ್ಟರ ಧಾರೂರು ಜಾತ್ರೆಗೆ ವಾಡಿ ಮೇಲೆ ರೈಲಿಗೆ ಹೋಗುತ್ತಿದ್ದೆ. ಈಗ ಕಣ್ಣು ಮಸುಕು, ಸತ್ಯವೇದ ಓದಲು ಆಗುವುದಿಲ್ಲ. ಸೊಸೆ ಒಳ್ಳೆಯವಳೇ. ಆದರೂ ಮೂಲೆಯ ಸಾಮಾನಿನ ಹಾಗೆ ಅನ್ನಿಸುತ್ತದೆ. ದೇವರಿಗೆ ಇನ್ನು ನನ್ನಿಂದ ಏನು ಉಪಯೋಗ? (ಮೊಮ್ಮಗನ ಕೈಯಿಂದ ಬರೆಸಿದ್ದು)

ಉತ್ತರ: ಕಾಕಾ, ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿ ನೋಡಿ. ನಾಲ್ಕಕ್ಕೆ ದುಡ್ಡು, ಐದನೆಯದು ಕೊಸರು. ಸಂತೆಯಲ್ಲಿ ಕೊತ್ತಂಬರಿ ಕೊಸರು ಹಾಕುತ್ತಾರಲ್ಲ, ಹಾಗೆ ಮಾರುವವನೇ ಬೆಲೆ ಕಟ್ಟದೆ ಮೇಲೆ ಹಾಕಿದ ಗುಬ್ಬಿ ಅದು. ಯೇಸುಸ್ವಾಮಿ ಹೇಳುವುದು, ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅಂತ. ಆ ಐದನೆಯದನ್ನೂ. ಅದರಿಂದ ಏನು ಉಪಯೋಗ ಅಂತ ಅಲ್ಲಿ ಪ್ರಶ್ನೆಯೇ ಇಲ್ಲ. ನೀವು ಗಂಟೆ ಹೊಡೆದದ್ದಕ್ಕೆ ದೇವರು ನಿಮ್ಮನ್ನು ಇಟ್ಟುಕೊಂಡಿರಲಿಲ್ಲ. ಹಾಗಾಗಿ ಗಂಟೆ ಬಿಟ್ಟ ಮೇಲೆ ಕೈಬಿಡುವ ಮಾತೂ ಬರುವುದಿಲ್ಲ.

ಮೊಮ್ಮಗನಿಗೆ ಹೇಳಿ, ಫೋನಿನಲ್ಲಿ ಕನ್ನಡ ಆಡಿಯೋ ಬೈಬಲ್ ಹಾಕಿಕೊಡಲಿ. ಪುಕ್ಕಟೆ ಸಿಗುತ್ತದೆ. ಸಂಜೆ ಅಂಗಳದಲ್ಲಿ ಸ್ವಲ್ಪ ಜೋರಾಗಿ ಇಟ್ಟರೆ ಸೊಸೆಗೂ ರೊಟ್ಟಿ ಬಡಿಯುತ್ತಾ ಕಿವಿಗೆ ಬೀಳುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಕಣ್ಣು ಮಸುಕು ಅಂದಿರಿ. ಈ ವಯಸ್ಸಿಗೆ ಅದು ಪೊರೆ ಇರುವ ಸಾಧ್ಯತೆಯೇ ಜಾಸ್ತಿ. ಪೊರೆ ಆಗಿದ್ದರೆ ಆಪರೇಷನ್ ಮಾಡಿ ತೆಗೆಯಬಹುದು. 1976ರಿಂದಲೂ ಅಂಧತ್ವ ನಿಯಂತ್ರಣಕ್ಕೆ ಸರ್ಕಾರದ ಕಾರ್ಯಕ್ರಮ ಇದೆ, ಅದರಲ್ಲಿ ಪೊರೆಯ ಆಪರೇಷನ್ ಉಚಿತ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಬೆಳಿಗ್ಗೆಯೇ ಹೋಗಿ, ತಡವಾದರೆ ಸಾಲು ಉದ್ದ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಶುಗರ್, ಬಿಪಿ ಇದ್ದರೆ ಹಳೆಯ ಚೀಟಿಗಳನ್ನೂ ಒಯ್ಯಿರಿ, ಅವು ಹತೋಟಿಯಲ್ಲಿ ಇಲ್ಲದೆ ಅವರು ಆಪರೇಷನ್ನಿಗೆ ದಿನ ಕೊಡುವುದಿಲ್ಲ. ಮೊಮ್ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಒಬ್ಬರೇ ಬಸ್ಸು ಹತ್ತಲು ಆಗುವುದಿಲ್ಲ.